ದೂರದ ಬೆಟ್ಟ ನುಣ್ಣಗೆ: ನೇಪಾಳದ ಚಾರಣಕ್ಕೆ ಹೊರಡುವ ಮುನ್ನ ಇದನ್ನು ಓದಿ

*ಆರೋಗ್ಯ ಮಾಲಿಕೆ – ಹೊರನಾಡ ಕನ್ನಡ ಕುಟುಂಬಗಳಿಗಾಗಿ*



ದಸರಾ ರಜೆ ಹತ್ತಿರ ಬಂದರೆ ಸಾಕು, ನಮ್ಮ ಕನ್ನಡ ಬಳಗಗಳಲ್ಲಿ ಒಂದು ಹೊಸ ಗ್ರೂಪ್ ಹುಟ್ಟಿಕೊಳ್ಳುತ್ತದೆ. ಹೆಸರು "ನೇಪಾಳ ಟ್ರೆಕ್". ಯಾರೋ ಹಿಮಶಿಖರದ ಫೋಟೋ ಹಾಕುತ್ತಾರೆ, ಇನ್ಯಾರೋ ಬೂಟಿನ ಲಿಂಕ್ ಕಳಿಸುತ್ತಾರೆ. ಟಿಕೆಟ್, ಜಾಕೆಟ್, ಚಟ್ನಿಪುಡಿ, ಎಲ್ಲದರ ಚರ್ಚೆಯೂ ಆಗುತ್ತದೆ. ಆದರೆ "ನನಗೆ ಅಲ್ಲಿ ತಲೆನೋವು ಬಂದರೆ ಏನು ಮಾಡೋಣ?" ಎಂದು ಕೇಳುವವರು ಕಡಿಮೆ.

ಇವತ್ತಿನ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ. ನೀವು ಹೋಗುವವರಾದರೂ ಓದಿ, ಮನೆಯಲ್ಲಿದ್ದು ಫೋನಿಗಾಗಿ ಕಾಯುವವರಾದರೂ ಓದಿ. ಅಪ್ಪ ಅಮ್ಮನನ್ನು ಮುಕ್ತಿನಾಥ ಯಾತ್ರೆಗೆ ಕಳಿಸುವವರಾದರೆ ಖಂಡಿತ ಓದಿ.

*ಮೊದಲು ನಮ್ಮ ಕಥೆ*

ಪುಣೆಯಿಂದ ನಾವು ಒಂಬತ್ತು ಜನ ಅನ್ನಪೂರ್ಣ ಸರ್ಕ್ಯೂಟಿಗೆ ಹೋಗಿದ್ದೆವು. ಬೇಸಿಸಹರ್‌ನಿಂದ ಹೊರಟು, ಮಾರ್ಸ್ಯಾಂಗ್ದಿ ನದಿಯ ಪಕ್ಕದಲ್ಲಿ ಹಳ್ಳಿಯಿಂದ ಹಳ್ಳಿಗೆ ಏರುತ್ತಾ, ಮನಾಂಗ್ ದಾಟಿ, 5416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆಮಾರ್ಗ ಹತ್ತಿ, ಆಚೆ ಮುಕ್ತಿನಾಥಕ್ಕೆ ಇಳಿಯುವ ದಾರಿ ಅದು. ದಿನವೂ ಒಂದು ಹಳ್ಳಿಯಲ್ಲಿ ಊಟ, ಇನ್ನೊಂದು ಹಳ್ಳಿಯಲ್ಲಿ ನಿದ್ದೆ. ಕಲ್ಲಿನ ಮನೆಗಳು, ಚಾವಣಿ ಮೇಲೆ ಒಣಗಲು ಹರಡಿದ ಧಾನ್ಯ, ಗಾಳಿಗೆ ಹಾರುವ ಪ್ರಾರ್ಥನಾ ಪತಾಕೆಗಳು. ನಡೆದವರಿಗೇ ಗೊತ್ತು ಆ ಸುಖ.

ನಮ್ಮಲ್ಲಿ ಅತ್ಯಂತ ಗಟ್ಟಿಮುಟ್ಟಾದವರು ಒಬ್ಬರು. 46 ವರ್ಷ, ಪ್ರತಿ ವರ್ಷ ಹಾಫ್ ಮ್ಯಾರಥಾನ್ ಓಡುವವರು, ಭಾನುವಾರ ತಪ್ಪದೆ ಸಿಂಹಗಡ ಹತ್ತುವವರು. ರಜೆ ಉಳಿಸಲೆಂದು ನಾವು ಚಾಮೆ ತನಕ ಜೀಪಿನಲ್ಲಿ ಹೋದೆವು. ಮನಾಂಗಿನಲ್ಲಿ ಎರಡು ರಾತ್ರಿ ಇರಬೇಕಿತ್ತು, ಒಂದೇ ರಾತ್ರಿ ಇದ್ದೆವು. "ಎಲ್ಲರೂ ಫಿಟ್ ಇದ್ದೇವಲ್ಲ, ಒಂದು ದಿನ ಯಾಕೆ ವೇಸ್ಟ್" ಎಂಬುದು ಸರ್ವಾನುಮತದ ತೀರ್ಮಾನ.

ಮುಂದಿನ ರಾತ್ರಿ ಯಾಕ್ ಖರ್ಕಾದಲ್ಲಿ ಅವರು ಊಟ ಬಿಟ್ಟರು. "ಗ್ಯಾಸ್ ಆಗಿದೆ" ಅಂದರು. ಮನೆಗೆ "ಆಲ್ ಓಕೆ" ಎಂದು ಮೆಸೇಜ್ ಕಳಿಸಿ ಮಲಗಿದರು. ಅದರ ಮರುದಿನ ಥೊರೊಂಗ್ ಫೇದಿಯಲ್ಲಿ, ಸುಮಾರು 4450 ಮೀಟರ್ ಎತ್ತರದಲ್ಲಿ, ಬೂಟಿನ ಲೇಸ್ ಕಟ್ಟಲು ಕೂತವರು ಐದು ನಿಮಿಷವಾದರೂ ಏಳಲಿಲ್ಲ. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ನಮ್ಮ ಗೈಡ್ ಅವರನ್ನು ನಿಲ್ಲಿಸಿ, ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದು ಹೆಜ್ಜೆಯ ತುದಿ ತಾಗುವಂತೆ ನೇರವಾಗಿ ನಡೆಯಲು ಹೇಳಿದರು. ಎರಡನೇ ಹೆಜ್ಜೆಗೇ ವಾಲಿದರು.

ಗೈಡ್ ಚರ್ಚೆಗೆ ಅವಕಾಶ ಕೊಡಲಿಲ್ಲ. "ಈಗಲೇ ಕೆಳಗೆ" ಅಂದರು. ಇಬ್ಬರು ಅವರ ಎರಡೂ ಪಕ್ಕ ನಿಂತು, ಸಂಜೆಯೊಳಗೆ ಮನಾಂಗಿಗೆ ಇಳಿಸಿದರು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಆಮ್ಲಜನಕ ಮತ್ತು ಇಂಜೆಕ್ಷನ್ ಸಿಕ್ಕಿತು. ಎರಡು ದಿನದಲ್ಲಿ ಸರಿಹೋದರು. ಆಮೇಲೆ ಅವರು ಹೇಳಿದ ಮಾತು ಇದು: "ತಲೆನೋವು ಮನಾಂಗಿನಲ್ಲೇ ಶುರುವಾಗಿತ್ತು. ನಿಮ್ಮೆಲ್ಲರ ರಜೆ ನನ್ನಿಂದ ಹಾಳಾಗಬಾರದು ಅಂತ ಹೇಳಲಿಲ್ಲ."

ಗುಂಪಿನ ಚಾರಣದ ದೊಡ್ಡ ಅಪಾಯ ಇದೇ. ಗುಂಪು ಧೈರ್ಯ ಕೊಡುತ್ತದೆ, ಅದರ ಜೊತೆಗೆ ಸಂಕೋಚವನ್ನೂ ಕೊಡುತ್ತದೆ.

*ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ?*

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ, ಸುಮಾರು ಶೇಕಡಾ 21. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಹಾಗಾಗಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಮುಂಬೈ, ಚೆನ್ನೈನ ಕಡಲ ಮಟ್ಟಕ್ಕೆ ಹೋಲಿಸಿದರೆ 3500 ಮೀಟರ್‌ನಲ್ಲಿ ಸಿಗುವುದು ಮೂರರಲ್ಲಿ ಎರಡು ಪಾಲು. ಥೊರೊಂಗ್ ಲಾದಲ್ಲಿ ಸುಮಾರು ಅರ್ಧ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚಿಸುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ, ನಿಧಾನವಾಗಿ ರಕ್ತವೂ ಬದಲಾಗುತ್ತದೆ. ಆದರೆ ಅದಕ್ಕೆ ದಿನಗಳು ಬೇಕು, ಗಂಟೆಗಳು ಸಾಲವು. ಓಟ, ಜಿಮ್, ಯೋಗ ಇವೆಲ್ಲ ಕಾಲಿಗೆ, ಹೃದಯಕ್ಕೆ ಒಳ್ಳೆಯದು. ಎತ್ತರದ ಕಾಯಿಲೆಯಿಂದ ಮಾತ್ರ ಅವು ಕಾಪಾಡುವುದಿಲ್ಲ. ಇನ್ನೂ ಹೇಳಬೇಕೆಂದರೆ, ಬಲಶಾಲಿಗಳೇ ಬೇಗ ಬೇಗ ಹತ್ತಿ ಬೇಗ ಸಿಕ್ಕಿಬೀಳುತ್ತಾರೆ.

ನಮ್ಮ ಅಭ್ಯಾಸದ ಬೆಟ್ಟಗಳ ಲೆಕ್ಕವನ್ನೂ ನೋಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ 1646. ನೀಲಗಿರಿಯ ದೊಡ್ಡಬೆಟ್ಟ 2637. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗುವುದೇ 2500 ಮೀಟರ್ ದಾಟಿದ ಮೇಲೆ. ಅಂದರೆ ನಾವು ಅಭ್ಯಾಸ ಮಾಡಿದ ಬೆಟ್ಟ ಮುಗಿಯುವಲ್ಲಿ ಅಲ್ಲಿನ ಪರೀಕ್ಷೆ ಆರಂಭ.

*ಮೂರು ಹಂತ, ಮೂರು ಗುರುತು*

*1. ಸಾಧಾರಣ ಪರ್ವತ ಕಾಯಿಲೆ.* ತಲೆನೋವು ಮುಖ್ಯ ಲಕ್ಷಣ. ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ವಿಪರೀತ ಸುಸ್ತು, ತಲೆಸುತ್ತು. ಹೊಸ ಎತ್ತರ ತಲುಪಿದ ಕೆಲವು ಗಂಟೆಗಳಲ್ಲಿ, ಹೆಚ್ಚಾಗಿ ಮೊದಲ ರಾತ್ರಿ, ಕಾಣಿಸಿಕೊಳ್ಳುತ್ತದೆ. ಮದ್ಯ ಕುಡಿದ ಮರುದಿನದ ಹಾಗೆ ಎಂದು ಹಲವರು ಹೇಳುತ್ತಾರೆ. ಇದಕ್ಕೆ ಉಪಾಯ ಸರಳ: ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ತಲೆನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಪೂರ್ತಿ ಸರಿಹೋದರೆ ಮುಂದೆ ನಡೆಯಿರಿ. ನಿಂತಲ್ಲೇ ಹೆಚ್ಚಾದರೆ ಕೆಳಗಿಳಿಯಿರಿ.

*2. ಮಿದುಳಿನ ಊತ.* ಮೊದಲನೆಯದನ್ನು ಕಡೆಗಣಿಸಿದರೆ ಇದು ಬರಬಹುದು. ಕುಡಿದವರಂತೆ ತೂರಾಡುವುದು, ಗೊಂದಲ, ತೊದಲು ಮಾತು, ವಿಚಿತ್ರ ಸಿಟ್ಟು, ಮಂಪರು. ಆ ಹಿಮ್ಮಡಿ–ಬೆರಳ ನಡಿಗೆಯ ಪರೀಕ್ಷೆ ಇದಕ್ಕಾಗಿಯೇ. ಇದು ಜೀವಕ್ಕೆ ಅಪಾಯ.

*3. ಶ್ವಾಸಕೋಶದಲ್ಲಿ ನೀರು.* ಇದು ತಲೆನೋವಿಲ್ಲದೆಯೂ ಬರಬಹುದು. ಎತ್ತರಕ್ಕೆ ಹೋದ ಎರಡರಿಂದ ನಾಲ್ಕು ದಿನದಲ್ಲಿ ಹೆಚ್ಚು. ನಿನ್ನೆ ಎಲ್ಲರ ಜೊತೆ ನಡೆದವರು ಇವತ್ತು ತೀರಾ ಹಿಂದೆ ಬೀಳುತ್ತಾರೆ. ಒಣಕೆಮ್ಮು ಬರುತ್ತದೆ. ಕೂತಲ್ಲೇ ಏದುಸಿರು, ತುಟಿ ನೀಲಿ, ಕೊನೆಗೆ ನಸುಗೆಂಪು ನೊರೆಯ ಕಫ. ಇದೂ ಜೀವಕ್ಕೆ ಅಪಾಯ.

ಎರಡು ಮತ್ತು ಮೂರಕ್ಕೆ ಮದ್ದು ಒಂದೇ: *ತಕ್ಷಣ ಕೆಳಗಿಳಿಸುವುದು.* ರಾತ್ರಿ ಎಂದು ಬೆಳಗಿನವರೆಗೆ ಕಾಯಬಾರದು, ಒಬ್ಬರನ್ನೇ ಕಳಿಸಬಾರದು. ಆಮ್ಲಜನಕ, ಔಷಧ ಸಿಕ್ಕರೆ ಕೊಡಬೇಕು, ಆದರೆ ಅವುಗಳಿಗಾಗಿ ಇಳಿಯುವುದನ್ನು ತಡ ಮಾಡಬಾರದು. ಕೆಲವು ನೂರು ಮೀಟರ್ ಇಳಿದರೂ ಮನುಷ್ಯ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇವೆ.

*ನಿಧಾನವೇ ಪ್ರಧಾನ: ದಿನದ ಲೆಕ್ಕ*

ನಮ್ಮ ಹಿರಿಯರ ಈ ಮಾತು ಹಿಮಾಲಯಕ್ಕೆಂದೇ ಹೇಳಿದಂತಿದೆ. ವೈದ್ಯರು ಒಪ್ಪಿದ ನಿಯಮ ಇದು: 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಾಗಬಾರದು. ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಇನ್ನೊಂದು ರಾತ್ರಿ ಇರಬೇಕು. ಹಗಲಿನಲ್ಲಿ ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಅನ್ನಪೂರ್ಣ ದಾರಿಗೆ ಇದನ್ನು ಹೊಂದಿಸಿ ನೋಡಿ:
• ಚಾಮೆ – ಸುಮಾರು 2700 ಮೀಟರ್
• ಪಿಸಾಂಗ್ – ಸುಮಾರು 3200
• ಮನಾಂಗ್ – ಸುಮಾರು 3540, *ಇಲ್ಲಿ ಕನಿಷ್ಠ ಎರಡು ರಾತ್ರಿ*
• ಯಾಕ್ ಖರ್ಕಾ – ಸುಮಾರು 4050
• ಥೊರೊಂಗ್ ಫೇದಿ – ಸುಮಾರು 4450
• ಥೊರೊಂಗ್ ಲಾ 5416 ದಾಟಿ, ಅದೇ ದಿನ ಮುಕ್ತಿನಾಥ – ಸುಮಾರು 3760

ಮನಾಂಗಿನ ಎರಡನೇ ದಿನ ಹಾಸಿಗೆಯಲ್ಲಿ ಬಿದ್ದಿರಬೇಕಾಗಿಲ್ಲ. ಗಂಗಾಪೂರ್ಣ ಸರೋವರದ ಮೇಲಿನ ದಿಬ್ಬಕ್ಕೋ ಹತ್ತಿರದ ಗೊಂಪಾಕ್ಕೋ ನಿಧಾನವಾಗಿ ಹತ್ತಿ, ಮತ್ತೆ ಕೆಳಗೆ ಬಂದು ಮಲಗಿದರೆ ದೇಹ ಚೆನ್ನಾಗಿ ಹೊಂದಿಕೊಳ್ಳುತ್ತದೆ. 1973ರಲ್ಲಿ ಆರಂಭವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಋತುವಿನಲ್ಲಿ ಮನಾಂಗಿನಲ್ಲಿ ಆರೋಗ್ಯ ಕೇಂದ್ರ ನಡೆಸುತ್ತದೆ. ಎವರೆಸ್ಟ್ ದಾರಿಯ ಫೆರಿಚೆಯಲ್ಲೂ ಇದೆ. ಅಲ್ಲಿನ ವೈದ್ಯರು ಚಾರಣಿಗರಿಗೆ ಎತ್ತರದ ಕಾಯಿಲೆಯ ಬಗ್ಗೆ ತಿಳಿಸಿ ಹೇಳುತ್ತಾರೆ. ಇಡೀ ಗುಂಪು ಹೋಗಿ ಕೂತು ಕೇಳಿ.

ಈಗ ಜೀಪ್ ರಸ್ತೆ ಮನಾಂಗ್ ತನಕ ಬಂದಿದೆ. ಬೇಸಿಸಹರ್ ಇರುವುದು 800 ಮೀಟರ್‌ಗಿಂತ ಕೆಳಗೆ. ಒಂದೆರಡು ದಿನದಲ್ಲಿ ಅಲ್ಲಿಂದ 3540ಕ್ಕೆ ಹಾರುವುದು ಸುಲಭ, ದೇಹಕ್ಕೆ ಅಲ್ಲ. ಜೀಪಿನಲ್ಲಿ ಹೋಗುವುದಾದರೆ ಉಳಿದ ದಿನಗಳನ್ನು ಮೇಲೆ ವಿಶ್ರಾಂತಿಗೆ ಕೊಡಿ.

*ಮಾತ್ರೆ ಬೇಕೇ?*

ಡಯಾಮಾಕ್ಸ್ ಹೆಸರಿನಲ್ಲಿ ಪರಿಚಿತವಾದ ಅಸೆಟಜೋಲಮೈಡ್ ಮಾತ್ರೆ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ತಡೆಗಾಗಿ ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಸಹಜ. ಸಲ್ಫಾ ಔಷಧ ಆಗದವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸ್ನೇಹಿತರ ಕಿಟ್ಟಿನಿಂದ ಇಸಿದುಕೊಂಡು ತಿನ್ನುವ ಮಾತ್ರೆ ಇದಲ್ಲ. ಮಾತ್ರೆ ನುಂಗಿದ್ದೇನೆ ಎಂದು ಬೇಗ ಹತ್ತುವ ಲೈಸೆನ್ಸೂ ಸಿಗುವುದಿಲ್ಲ.

ನಿದ್ದೆ ಮಾತ್ರೆ ಮತ್ತು ಮದ್ಯ ಉಸಿರಾಟ ತಗ್ಗಿಸುತ್ತವೆ, ಮೇಲೆ ಎರಡೂ ಬೇಡ. ಅಲ್ಲಿನ ಬೆಳ್ಳುಳ್ಳಿ ಸೂಪ್ ಬಿಸಿಬಿಸಿಯಾಗಿ ರುಚಿ, ಕುಡಿಯಿರಿ. ಆದರೆ ಅದು ಕಾಯಿಲೆಗೆ ಔಷಧ ಎಂದು ನಂಬಿ ಮೇಲೆ ಹೋಗಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ಅಂಕಿ ಎತ್ತರದಲ್ಲಿ ಎಲ್ಲರಿಗೂ ಇಳಿಯುತ್ತದೆ, ತಣ್ಣನೆ ಬೆರಳಿಗೆ ತಪ್ಪೂ ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಎಂದು ತಲೆನೋವನ್ನು ಕಡೆಗಣಿಸಬೇಡಿ.

*ನೀರು, ಊಟ, ಹೊಟ್ಟೆ*

ಎತ್ತರದಂತೆಯೇ ಬಹಳ ಜನರನ್ನು ಕಾಡುವುದು ಹೊಟ್ಟೆ. ತೊರೆಯ ನೀರು ಕನ್ನಡಿಯಂತಿದ್ದರೂ ಮೇಲೆ ಹಳ್ಳಿಯಿದೆ, ಯಾಕ್ ಇದೆ, ಹೇಸರಗತ್ತೆ ಇದೆ. ಎತ್ತರದಲ್ಲಿ ನೀರು 100 ಡಿಗ್ರಿಗಿಂತ ಕಡಿಮೆ ಬಿಸಿಗೇ ಕುದಿಯುತ್ತದೆ, ಆದ್ದರಿಂದ ಕುದಿ ಬಂದ ಮೇಲೂ ಮೂರು ನಿಮಿಷ ಬಿಡಿ. ಕ್ಲೋರಿನ್ ಮಾತ್ರೆಯಾದರೆ ಹೇಳಿದಷ್ಟು ಹೊತ್ತು ಕಾಯಿರಿ. ಅನ್ನಪೂರ್ಣ ದಾರಿಯ ಹಲವು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಕೇಂದ್ರಗಳಿವೆ. ಅಲ್ಲಿ ಬಾಟಲಿ ತುಂಬಿಸಿಕೊಂಡರೆ ಪ್ಲಾಸ್ಟಿಕ್ ಕಸವೂ ಉಳಿಯುತ್ತದೆ.

ನೀರು ಬಾಯಾರಿಕೆಗಿಂತ ಸ್ವಲ್ಪ ಮುಂದಿರಲಿ, ಮೂತ್ರ ತಿಳಿಹಳದಿಯಾಗಿದ್ದರೆ ಸಾಕು. ಲೀಟರ್‌ಗಟ್ಟಲೆ ಬಲವಂತವಾಗಿ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಅದೇ ಬೇರೆ ತೊಂದರೆ. ಭೇದಿಯಾದರೆ ಓ.ಆರ್.ಎಸ್. ಕುಡಿಯಿರಿ. ನೇಪಾಳದಲ್ಲಿ "ಜೀವನ್ ಜಲ್" ಎಂದು ಕೇಳಿದರೆ ಕೊಡುತ್ತಾರೆ. ಭೇದಿಯಲ್ಲಿ ರಕ್ತ ಅಥವಾ ಜ್ವರ ಇದ್ದರೆ ವೈದ್ಯರು ಬೇಕು.

ಊಟಕ್ಕೆ ನಮಗೆ ಕಷ್ಟವಿಲ್ಲ. ದಾಲ್ ಭಾತ್ ಎಂದರೆ ಅನ್ನ, ಬೇಳೆಸಾರು, ಪಲ್ಯ, ಉಪ್ಪಿನಕಾಯಿ. ಕೇಳಿದರೆ ಮತ್ತೆ ಬಡಿಸುತ್ತಾರೆ. ದಿನವೂ ಅದೇ ಹಳ್ಳಿಯವರು ಉಣ್ಣುವುದರಿಂದ ತಾಜಾ ಇರುತ್ತದೆ. ಮೆನುವಿನಲ್ಲಿ ಪಿಜ್ಜಾ, ಮಾಂಸ ಕಂಡರೂ, ಅದು ಎಷ್ಟು ದಿನ ಹೊತ್ತು ತಂದ ಸಾಮಾನು ಎಂದು ಯೋಚಿಸಿ. ಮನೆಯಿಂದ ಚಟ್ನಿಪುಡಿ, ಹುರಿಗಡಲೆ, ಕಡಲೆಬೀಜ, ಬೆಲ್ಲ ಒಯ್ಯಿರಿ. ಹಸಿವು ಸತ್ತಾಗ ಚಟ್ನಿಪುಡಿ ಕಲಸಿದ ಎರಡು ತುತ್ತು ಒಳಗೆ ಹೋಗುತ್ತದೆ. ಆದರೂ ಯಾರಾದರೂ ಊಟ ಬಿಟ್ಟರೆ "ಗ್ಯಾಸ್" ಎಂದು ಒಪ್ಪಿಕೊಳ್ಳಬೇಡಿ, ತಲೆನೋವು ಇದೆಯೇ ಎಂದು ಕೇಳಿ.

*ದಾರಿಯ ಸಣ್ಣಪುಟ್ಟ ಎಚ್ಚರಗಳು*

• ಹೇಸರಗತ್ತೆಗಳ ಸಾಲು ಬಂದರೆ *ಬೆಟ್ಟದ ಗೋಡೆಯ ಪಕ್ಕ* ಸರಿಯಿರಿ, ಕಣಿವೆಯ ಅಂಚಿಗೆ ಎಂದೂ ನಿಲ್ಲಬೇಡಿ. ತೂಗುಸೇತುವೆಯಲ್ಲಿ ಅವು ದಾಟುವ ತನಕ ಕಾಯಿರಿ.
• ಥೊರೊಂಗ್ ಲಾದಿಂದ ಮುಕ್ತಿನಾಥಕ್ಕೆ ಒಂದೇ ದಿನ ಸುಮಾರು 1650 ಮೀಟರ್ ಇಳಿತ. ಮಂಡಿಗೆ ಇದೇ ನಿಜವಾದ ಪರೀಕ್ಷೆ. ಎರಡು ಕೋಲು ಇರಲಿ. ಊರಿನಲ್ಲಿ ಅಭ್ಯಾಸ ಮಾಡುವಾಗ ಮೆಟ್ಟಿಲು ಹತ್ತುವುದರ ಜೊತೆ *ಇಳಿಯುವುದನ್ನೂ* ಅಭ್ಯಾಸ ಮಾಡಿ, ಅದಕ್ಕೆ ಹೈದರಾಬಾದಿನ ಅಪಾರ್ಟ್‌ಮೆಂಟೂ ಸಾಕು.
• ಹಿಮದ ಮೇಲೆ ಬಿಸಿಲು ಪ್ರತಿಫಲಿಸಿ ಕಣ್ಣು ಸುಡುತ್ತದೆ. ಒಳ್ಳೆಯ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು.
• ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗೆ ತಡ ಮಾಡದೆ ಹೊರಡಿ.
• ಮಧುಮೇಹಿಗಳು ಇನ್ಸುಲಿನ್ ಮತ್ತು ಗ್ಲೂಕೋಮೀಟರನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡುವುದಿಲ್ಲ.
• ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಆಸ್ತಮಾ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರುವವರು ಟಿಕೆಟ್ ಮಾಡಿಸುವ *ಮೊದಲು* ವೈದ್ಯರನ್ನು ಕಾಣಿ.
• ಮಕ್ಕಳಿಗೆ ಹೇಳಲು ಬರುವುದಿಲ್ಲ. ಹಟ, ಊಟ ಬೇಡ, ಆಟ ಬೇಡ ಎಂದರೆ ಎತ್ತರದ ಕಾಯಿಲೆ ಎಂದೇ ತಿಳಿಯಿರಿ.
• ವಿಮೆ ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: 5500 ಮೀಟರ್‌ಗಿಂತ ಮೇಲಿನ ಎತ್ತರಕ್ಕೂ ಅನ್ವಯವಾಗುತ್ತದೆಯೇ? ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ?

ಹವಾಮಾನದ ವಿಷಯದಲ್ಲಿ ಹಳ್ಳಿಯವರ ಮಾತೇ ಕೊನೆ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತ ನೆನಪಿದೆಯಲ್ಲ? ಅದರ ಉಳಿದ ಮೋಡಗಳೇ ಎರಡು ದಿನದ ನಂತರ ಅನ್ನಪೂರ್ಣ ಭಾಗದಲ್ಲಿ ಭಾರೀ ಹಿಮ ಸುರಿಸಿ, ಥೊರೊಂಗ್ ಲಾ ಸುತ್ತಮುತ್ತ ಚಾರಣಿಗರು, ಗೈಡ್‌ಗಳು, ಹಳ್ಳಿಗರು ಸೇರಿ 40ಕ್ಕೂ ಹೆಚ್ಚು ಜನ ಸತ್ತರು. "ಇವತ್ತು ಬೇಡ" ಎಂದು ಲಾಡ್ಜಿನ ಅಮ್ಮ ಹೇಳಿದರೆ, ಇನ್ನೊಂದು ತಟ್ಟೆ ದಾಲ್ ಭಾತ್ ಉಂಡು ಒಲೆಯ ಪಕ್ಕ ಕೂರಿ.

ಪೋರ್ಟರ್‌ಗಳನ್ನೂ ಮರೆಯಬೇಡಿ. ಅವರಿಗೂ ಎತ್ತರದ ಕಾಯಿಲೆ ಬರುತ್ತದೆ. ಬಹಳ ಮಂದಿ ತಗ್ಗಿನ ಊರುಗಳಿಂದ ಬಂದವರು. ಅವರಿಗೆ ಬೆಚ್ಚನೆ ಬಟ್ಟೆ, ಬೂಟು ಇದೆಯೇ, ವಿಮೆ ಇದೆಯೇ ಎಂದು ಹೊರಡುವಾಗಲೇ ನೋಡಿ. ಸಂಜೆ ತಲೆನೋವಿನ ಪ್ರಶ್ನೆ ಅವರಿಗೂ ಕೇಳಿ.

*ಅಪ್ಪ ಅಮ್ಮ ಮುಕ್ತಿನಾಥಕ್ಕೆ ಹೊರಟಿದ್ದರೆ*

"ಅವರು ನಡೆಯುವುದಿಲ್ಲ, ಗಾಡಿಯಲ್ಲಿ ಹೋಗುತ್ತಾರೆ" ಎಂದು ನಿಶ್ಚಿಂತರಾಗಬೇಡಿ. ಪೋಖರಾ ಇರುವುದು ಸುಮಾರು 820 ಮೀಟರ್‌ನಲ್ಲಿ. ವಿಮಾನದಲ್ಲಿ ಜೊಮ್‌ಸೊಮ್‌ಗೆ ಹೋಗಿ ಅಲ್ಲಿಂದ ಜೀಪ್ ಹತ್ತಿದರೆ ಅದೇ ದಿನ ಸುಮಾರು 3700 ಮೀಟರ್! ನಡೆದು ಬಂದವರಿಗಿಂತ ಈ ಹಿರಿಯರಿಗೇ ಹೆಚ್ಚು ತೊಂದರೆಯಾಗಬಹುದು.

ಮೊದಲ ರಾತ್ರಿ ಜೊಮ್‌ಸೊಮ್ ಅಥವಾ ಕಾಗಬೇನಿಯಲ್ಲಿ ತಂಗಲಿ. ಮರುದಿನ ದರ್ಶನ ಮಾಡಿ ಮತ್ತೆ ಕೆಳಗೇ ಬಂದು ಮಲಗಲಿ. ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಲಿ. ಅಲ್ಲಿನ 108 ಧಾರೆಗಳ ನೀರು ಕೊರೆಯುವಷ್ಟು ತಣ್ಣಗೆ. ಹೃದಯದ ತೊಂದರೆ ಇರುವವರು ಅದರ ಕೆಳಗೆ ಓಡಬಾರದು. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ಪುಣ್ಯಕ್ಕೆ ಕಡಿಮೆಯಾಗದು. ಉಪವಾಸ ಇಟ್ಟುಕೊಂಡು ಹತ್ತುವುದು ಬೇಡ, ಬಿ.ಪಿ., ಸಕ್ಕರೆ ಮಾತ್ರೆ ತಪ್ಪಿಸುವುದೂ ಬೇಡ.

*ಮನೆಯಲ್ಲಿರುವವರು ಫೋನಿನಲ್ಲಿ ಏನು ಕೇಳಬೇಕು?*

"ಹೇಗಿದ್ದೀರಿ?" ಎಂದರೆ "ಆಲ್ ಓಕೆ" ಎಂಬ ಉತ್ತರವೇ ಬರುವುದು. ಬದಲಿಗೆ ಇವನ್ನು ಕೇಳಿ:
1. ತಲೆನೋವು ಇದೆಯಾ?
2. ರಾತ್ರಿ ಏನು ಊಟ ಮಾಡಿದಿರಿ, ಎಷ್ಟು?
3. ಇವತ್ತು ಗುಂಪಿನಲ್ಲಿ ಎಷ್ಟನೆಯವರಾಗಿ ಬಂದಿರಿ?
4. ಇವತ್ತು ಎಷ್ಟು ಎತ್ತರದಲ್ಲಿ ಮಲಗುತ್ತೀರಿ, ನಿನ್ನೆ ಎಷ್ಟು?

ಸಾಧ್ಯವಾದರೆ ಮೆಸೇಜ್ ಬೇಡ, ಧ್ವನಿ ಕೇಳಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಬೇರೇನೋ ಹೇಳಿದರೆ, ಗುಂಪಿನ ಇನ್ನೊಬ್ಬರಿಗೆ ತಕ್ಷಣ ಫೋನ್ ಮಾಡಿ. ಅದಕ್ಕೆ ಕನಿಷ್ಠ ಇಬ್ಬರ ನಂಬರ್ ಹೊರಡುವ ದಿನವೇ ಬರೆದಿಟ್ಟುಕೊಳ್ಳಿ.

ಹೋಗುವವರೂ ಮನೆಯಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ: ದಿನವೂ ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಸುತ್ತ ಕೂತು ತಲೆನೋವು ಇದೆಯೋ ಇಲ್ಲವೋ ಹೇಳಬೇಕು. ಇದ್ದವರನ್ನು ಯಾರೂ ಗೇಲಿ ಮಾಡಬಾರದು. ಒಬ್ಬರು ಇಳಿಯಬೇಕಾದರೆ ಜೊತೆಗೆ ಇಳಿಯುವವರು ಯಾರು ಎಂಬುದೂ ಊರಲ್ಲೇ ನಿರ್ಧಾರವಾಗಿರಲಿ. ಎರಡು ದಿನ ಹೆಚ್ಚುವರಿ ರಜೆ ಕೈಯಲ್ಲಿರಲಿ. ರಿಟರ್ನ್ ಟಿಕೆಟ್ಟಿನ ಗಡಿಬಿಡಿಯೇ ಎಷ್ಟೋ ಜನರನ್ನು ತಲೆನೋವಿನೊಂದಿಗೆ ಮೇಲೆ ತಳ್ಳುತ್ತದೆ.

ನಮ್ಮ ಆ ಸ್ನೇಹಿತರು ಮುಂದಿನ ವರ್ಷ ಮತ್ತೆ ಹೋದರು. ಈ ಸಲ ಮನಾಂಗಿನಲ್ಲಿ ಮೂರು ರಾತ್ರಿ ಇದ್ದರು. ದಿನವೂ ಗುಂಪಿನಲ್ಲಿ ಕೊನೆಯವರಾಗಿ ನಡೆದರು. ಸಂಜೆಯ ಪ್ರಶ್ನೆ ಕೇಳುವ ಕೆಲಸವನ್ನು ತಾವೇ ವಹಿಸಿಕೊಂಡರು. ಥೊರೊಂಗ್ ಲಾ ದಾಟಿದ ದಿನ ಮನೆಗೆ ಫೋನ್ ಮಾಡಿ ಮೊದಲು ಹೇಳಿದ ಮಾತು: "ತಲೆನೋವಿಲ್ಲ, ಊಟ ಮಾಡಿದೆ."

ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಇವತ್ತು ಇಳಿದವರು ನಾಳೆ ಮತ್ತೆ ಹತ್ತಬಹುದು.

ನಿಮ್ಮ ಬಳಗದಲ್ಲಿ ಚಾರಣಕ್ಕೋ ಯಾತ್ರೆಗೋ ಹೊರಟವರಿದ್ದರೆ ಇದನ್ನು ಅವರಿಗೆ ಕಳಿಸಿ, ಅವರ ಮನೆಯವರಿಗೂ ಕಳಿಸಿ. ಇಲ್ಲಿರುವುದು ಸಾಮಾನ್ಯ ಮಾಹಿತಿ, ನಿಮ್ಮ ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.

ಶುಭ ಪ್ರಯಾಣ. ಕ್ಷೇಮವಾಗಿ ಹೋಗಿ ಬನ್ನಿ.